ವೈದ್ಯರಾಗ ಹೊರಟವರಿಗೆ

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪಿ.ಯು.ಸಿ. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಸೇರಿದ್ದ ಸಭೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಪರೀಕ್ಷೆಯ ಕಾಲ ಹತ್ತಿರ ಬಂದಿತೆಂದರೆ ಮಠದ ಅಂಗಳದಲ್ಲಿ ಜನ ಹೆಚ್ಚಾಗುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ತಾಯಿ ಮುಂದೆ, ತಂದೆ ಹಿಂದೆ, ನಡುವೆ ತಲೆ ತಗ್ಗಿಸಿದ ಮಗ ಅಥವಾ ಮಗಳು. “ಬುದ್ಧಿ, ಮಗು ಡಾಕ್ಟರಾಗಲಿ ಅಂತ ಒಂದು ಮಾತು ಹೇಳಿ” ಎನ್ನುತ್ತಾರೆ. ಇಂದು ನಿಮ್ಮಲ್ಲಿ ಬಹುಮಂದಿ ಅದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿರುವಿರಿ ಎಂದು ನಮಗೆ ಗೊತ್ತು. ಆದರೆ ಆ ಮಾತನ್ನು ನಾವು ಈಗ ಹೇಳುವುದಿಲ್ಲ. ಏಕೆ ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಸಬೇಕು.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಬ್ಬ ಹುಡುಗನನ್ನು ಕರೆತಂದರು. ಮನೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಸಾಕಣೆ. ಹುಡುಗ ಬುದ್ಧಿವಂತ. ನಾವು ಹುಡುಗನ ತಲೆಯ ಮೇಲೆ ಕೈಯಿಟ್ಟು, “ನೀನು ಡಾಕ್ಟರಾಗಿಯೇ ಮಠಕ್ಕೆ ಬರುತ್ತೀಯೆ” ಎಂದುಬಿಟ್ಟೆವು. ಹಿರಿಯರ ಕಣ್ಣಲ್ಲಿ ನೀರು ಬಂತು. ನಮಗೂ ಸಂತೋಷವಾಯಿತು. ಹುಡುಗನನ್ನು ನಾವು ಒಂದು ಮಾತೂ ಕೇಳಲಿಲ್ಲ.

ಮೊದಲ ವರ್ಷ ಸೀಟು ಸಿಗಲಿಲ್ಲ. ಗುರುವಿನ ವಾಕ್ಯ ಸುಳ್ಳಾಗದು ಎಂದು ಮತ್ತೊಂದು ವರ್ಷ ಮೈಸೂರಿನಲ್ಲಿಟ್ಟು ಓದಿಸಿದರು. ಅದಕ್ಕಾಗಿ ತೋಟವನ್ನು ಒತ್ತೆಯಿಟ್ಟರು. ಮೂರನೆಯ ವರ್ಷವೂ ಹಾಗೆಯೇ ಆಯಿತು. ಆ ಮೇಲೆ ಹುಡುಗ ಮಠಕ್ಕೆ ಬರುವುದನ್ನೇ ಬಿಟ್ಟ. ಒಂದು ಶಿವರಾತ್ರಿಯ ದಿನ ದಾಸೋಹದ ಸಾಲಿನಲ್ಲಿ ಮುಖ ಮರೆಸಿಕೊಂಡು ನಿಂತಿದ್ದವನನ್ನು ನಾವೇ ಗುರುತಿಸಿ ಕರೆದೆವು. “ನಿಮ್ಮ ಮಾತನ್ನು ನಾನು ಸುಳ್ಳು ಮಾಡಿಬಿಟ್ಟೆ ಬುದ್ಧಿ” ಎಂದು ಅತ್ತ. “ನಿನಗೆ ಡಾಕ್ಟರಾಗುವ ಮನಸ್ಸಿತ್ತೇನಪ್ಪ?” ಎಂದು ಕೇಳಿದೆವು. “ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ ಬುದ್ಧಿ” ಎಂದ. ರಕ್ತ ಕಂಡರೆ ಕಣ್ಣು ಕತ್ತಲಿಡುತ್ತಿತ್ತಂತೆ. ಈಗ ಹುಳು ಸಾಕುತ್ತಾನೆ, ಚೆನ್ನಾಗಿಯೇ ಸಾಕುತ್ತಾನೆ. ಒತ್ತೆಯ ಸಾಲ ಮಾತ್ರ ಇನ್ನೂ ತೀರಿಲ್ಲ. ಆ ಸಾಲದಲ್ಲಿ ನಮ್ಮದೂ ಒಂದು ಪಾಲುಂಟು.

ಹುಳು ಸಾಕುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುತ್ತೀರಾ? ಹಾಕಿದರೆ ತಿನ್ನುವುದೂ ಇಲ್ಲ, ಸೊಪ್ಪು ಬಾಡಿ ತಟ್ಟೆ ಕೆಡುತ್ತದೆ. ನಾಲ್ಕು ಜ್ವರವನ್ನೂ ಕಾದು, ಎದ್ದ ಮೇಲೆ ಹಾಕುತ್ತೀರಿ. ಮಕ್ಕಳ ವಿಷಯಕ್ಕೆ ಬಂದರೆ ಈ ತಿಳಿವಳಿಕೆ ಎಲ್ಲಿಗೆ ಹೋಗುತ್ತದೋ ನಮಗೆ ತಿಳಿಯದು.

ಈಗ ಲೆಕ್ಕವನ್ನೂ ನೋಡಿಬಿಡೋಣ. 2025ರಲ್ಲಿ ನೀಟ್ ಪರೀಕ್ಷೆಗೆ ದೇಶದಲ್ಲಿ ಕುಳಿತವರು 22 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸೀಟುಗಳು ಸರ್ಕಾರಿ, ಖಾಸಗಿ ಎಲ್ಲ ಸೇರಿ ಒಂದು ಲಕ್ಷಕ್ಕೆ ತುಸು ಮೇಲೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಬಹುದು. ಆದರೆ ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಆ ಭಾಷೆಯ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ ಬೇರೆ ಇದೆ. ಅದರ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ಕಡೆಯ ದಿನ ಓಡಾಡಬೇಡಿರಿ. ಚಾಮರಾಜನಗರದಲ್ಲಿಯೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ ಎಂಬುದೂ ಗಮನದಲ್ಲಿರಲಿ.

ಕೆಲವರು ಶಿಫಾರಸು ಪತ್ರ ಕೇಳಲು ಬರುತ್ತಾರೆ. ಮಠಗಳು ವೈದ್ಯಕೀಯ ಕಾಲೇಜು ನಡೆಸುತ್ತವೆ, ಸ್ವಾಮಿಗಳು ಸ್ವಾಮಿಗಳಿಗೆ ಬರೆದರೆ ಆದೀತು ಎಂಬುದು ಅವರ ಎಣಿಕೆ. ಈಗ ಸೀಟು ಕೊಡುವುದು ನೀಟ್ ಕ್ರಮಾಂಕದ ಮೇಲೆ. ನಮ್ಮ ಪತ್ರದಿಂದ ಅಂಚೆ ಖರ್ಚು ಬಿಟ್ಟರೆ ಬೇರೇನೂ ಆಗದು. ಇನ್ನು ಕೆಲವರು ಭೂಮಿ ಮಾರಿ ಮಧ್ಯವರ್ತಿಯ ಕೈಗೆ ಹಣ ಕೊಟ್ಟು ಕೂತಿರುತ್ತಾರೆ. ಕ್ಯಾಪಿಟೇಷನ್ ಶುಲ್ಕವನ್ನು ನಮ್ಮ ರಾಜ್ಯದಲ್ಲಿ 1984ರ ಕಾಯಿದೆಯೇ ನಿಷೇಧಿಸಿದೆ. ಕೊಟ್ಟವನು ಅದನ್ನು ಕೇಳಲೂ ಆರ, ಹೇಳಲೂ ಆರ. ಭೂಮಿ ಮಾರಿ ವೈದ್ಯನಾದವನು ಆ ಭೂಮಿಯ ಬೆಲೆಯನ್ನು ಯಾರಿಂದ ವಸೂಲು ಮಾಡಿಯಾನು? ರೋಗಿಯಿಂದಲೇ ಅಲ್ಲವೇ?

ನಾವು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ವೈದ್ಯಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವ ಅಧ್ಯಾಯವನ್ನು ಓದಿದ್ದೇವೆ. ವೈದ್ಯ, ಔಷಧ, ಪರಿಚಾರಕ, ರೋಗಿ: ಈ ನಾಲ್ಕೂ ಸರಿಯಿದ್ದರೆ ರೋಗ ವಾಸಿ. ವೈದ್ಯನಿಗೆ ಶಾಸ್ತ್ರಜ್ಞಾನ, ಬಹಳ ಸಲ ಕಣ್ಣಾರೆ ಕಂಡ ಅನುಭವ, ದಕ್ಷತೆ, ಶುಚಿತ್ವ ಬೇಕು. ಪರಿಚಾರಕನಿಗೂ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವ ಬೇಕು. ಅದರ ಜೊತೆಗೆ ಅನುರಾಗವನ್ನೂ ಅಲ್ಲಿ ಹೇಳಿದೆ. ಈಗಿನ ನರ್ಸನ್ನು ನೀವು ವೈದ್ಯನಿಗಿಂತ ಕೆಳಗಿನವರು ಎಂದು ನೋಡುತ್ತೀರಿ. ಚರಕನು ಪರಿಚಾರಕನನ್ನು ಚಿಕಿತ್ಸೆಯ ಒಂದು ಪೂರ್ಣಪಾದವಾಗಿ ಎಣಿಸಿದ್ದಾನೆ. ನಮ್ಮ ಶರಣರಲ್ಲಿಯೂ ವೈದ್ಯ ಸಂಗಣ್ಣನವರಿದ್ದರು. ಅನುಭವ ಮಂಟಪದಲ್ಲಿ ವೈದ್ಯನ ಕಾಯಕಕ್ಕೂ ಮಡಿವಾಳನ ಕಾಯಕಕ್ಕೂ ಬೇರೆ ಬೇರೆ ಪೀಠ ಹಾಕಿರಲಿಲ್ಲ.

ಈ ಮಾತಿಗೆ ಸಾಕ್ಷಿ ನಮ್ಮ ಸೀಮೆಯಲ್ಲಿಯೇ ಇದೆ. 2018ನೆಯ ಇಸವಿ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ. ಪ್ರಸಾದದಲ್ಲಿ ಕ್ರಿಮಿನಾಶಕ ಬೆರೆತಿತ್ತು. 17 ಜೀವ ಹೋದವು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಆ ಪ್ರಕರಣದ ಆರೋಪಿಗಳಲ್ಲಿ ಕಾವಿ ಉಟ್ಟವರೂ ಇದ್ದರೆಂಬುದನ್ನು ಮುಚ್ಚಿಟ್ಟು ನಾವು ಈ ಪೀಠದಿಂದ ಮಾತಾಡಲಾರೆವು. ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ನಾಚಿಕೆ ನಮಗೆಲ್ಲರಿಗೂ ಸೇರಿದ್ದು.

ಅಂದು ಆ ಜನರನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಬೇಕಾಯಿತು. ಅಂಥ ವಿಷ ಹೊಟ್ಟೆಗೆ ಹೋದರೆ ಬಾಯಲ್ಲಿ ನೊರೆ, ಎದೆಯಲ್ಲಿ ಕಫ ತುಂಬುತ್ತದೆ. ಉಸಿರಾಡಿಸುವ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಎಂಬ ಮದ್ದನ್ನು ಮತ್ತೆ ಮತ್ತೆ ಕೊಡಬೇಕು, ಕಫ ತೆಗೆಯಬೇಕು, ಉಸಿರು ನಿಂತರೆ ಯಂತ್ರದಿಂದ ಉಸಿರು ಕೊಡಬೇಕು. ಇದನ್ನು ವೈದ್ಯರಿಂದ ಕೇಳಿ ತಿಳಿದೆವು. ಮದ್ದು ಎಷ್ಟೆಂದು ಹೇಳುವವನು ವೈದ್ಯ. ರಾತ್ರಿಯೆಲ್ಲ ಪಕ್ಕದಲ್ಲಿ ನಿಂತು ಕಣ್ಣು ಪಾಪೆ ನೋಡಿ, ಉಸಿರು ಎಣಿಸಿ, ಮತ್ತೆ ಮದ್ದು ಕೊಡುವವಳು ದಾದಿ. ಕಾಡಿನ ದಾರಿಯಲ್ಲಿ ಉಸಿರು ನಿಲ್ಲದಂತೆ ಕರೆತರುವವನು ಆಂಬ್ಯುಲೆನ್ಸಿನವನು. ಇವರಲ್ಲಿ ಯಾರು ದೊಡ್ಡವರು ಎಂದು ಆ ರಾತ್ರಿ ಸುಳ್ವಾಡಿಯ ತಾಯಂದಿರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು?

ಯಳಂದೂರು ಕಡೆಯವರಿಗೆ ಇನ್ನೊಂದು ಉದಾಹರಣೆ ಗೊತ್ತಿದೆ. ಬೆಂಗಳೂರಿನಲ್ಲಿ 1973ರಲ್ಲಿ ವೈದ್ಯ ಪದವಿ ಪಡೆದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಸೋಲಿಗರ ನಡುವೆ ನಿಂತರು. ಬರೀ ಮದ್ದು ಸಾಲದೆಂದು ಶಾಲೆ ತೆರೆದರು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಾಗಿದ್ದುದನ್ನು ಕಂಡು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡು ನಡೆಸತೊಡಗಿದರು. ಪದ್ಮಶ್ರೀ ಪ್ರಶಸ್ತಿ ಬಂದದ್ದು 2000ದಲ್ಲಿ, ಅಂದರೆ ಬೆಟ್ಟಕ್ಕೆ ಬಂದು ಹತ್ತೊಂಬತ್ತು ವರ್ಷವಾದ ಮೇಲೆ. ಪೋಷಕರೇ, ಈ ಹತ್ತೊಂಬತ್ತು ವರ್ಷವನ್ನು ಸ್ವಲ್ಪ ಯೋಚಿಸಿರಿ. ನಿಮ್ಮ ಮಗ ಹಾಗೆ ಬೆಟ್ಟ ಹತ್ತುತ್ತೇನೆಂದರೆ ನೀವು ಒಪ್ಪುವಿರಾ?

ಸೋಲಿಗರಲ್ಲಿ ಕುಡಗೋಲು ರಕ್ತಕಣದ ಕಾಯಿಲೆ ಉಂಟು. ಸಿಕಲ್ ಸೆಲ್ ಎನ್ನುತ್ತಾರೆ. ತಂದೆತಾಯಿ ಇಬ್ಬರಲ್ಲಿಯೂ ಅದರ ಅಂಶ ಅಡಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಕೇಂದ್ರ ಸರ್ಕಾರ 2023ರಲ್ಲಿ ಇದನ್ನು ನಿವಾರಿಸುವ ಕಾರ್ಯಕ್ರಮ ಆರಂಭಿಸಿದೆ. ಆದರೆ ಪೋಡಿಗೆ ನಡೆದುಹೋಗಿ ಒಂದು ಹನಿ ರಕ್ತ ತೆಗೆದುಕೊಳ್ಳುವವರು ಬೇಕು, ಪ್ರಯೋಗಾಲಯದಲ್ಲಿ ನೋಡುವವರು ಬೇಕು, ಮದುವೆಗೆ ಮುಂಚೆ ಹೆದರಿಸದೆ ಬುದ್ಧಿ ಹೇಳುವವರು ಬೇಕು. ಹನೂರಿನ ಗಡಿಯಲ್ಲಿ ತಮಿಳು ಬರಬೇಕು, ಬೆಟ್ಟದಲ್ಲಿ ಸೋಲಿಗ ನುಡಿ ಬರಬೇಕು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎರಡು ಭಾಷೆ ಆಡುವುದು ನಮಗೆ ಹೊಸದಲ್ಲ. ದೊಡ್ಡ ಊರಿನ ತಜ್ಞನಿಗೆ ಬಾರದ ಈ ವಿದ್ಯೆ ಇಲ್ಲಿ ಕುಳಿತ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ.

ಆದ್ದರಿಂದ ಮಕ್ಕಳೇ, ಕೋಚಿಂಗಿಗೆ ಹಣ ಕಟ್ಟುವ ಮುಂಚೆ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಾಸಿಗೆ ಹಿಡಿದ ಮುದುಕರೊಬ್ಬರು ಇದ್ದೇ ಇರುತ್ತಾರೆ. ಹದಿನೈದು ದಿನ ಅವರ ಹಾಸಿಗೆ ಬದಲಿಸಿರಿ, ಮೈ ಒರೆಸಿರಿ, ಅವರು ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಕೇಳಿರಿ. ಹದಿನಾರನೆಯ ದಿನವೂ ಹೋಗಬೇಕೆನಿಸಿದರೆ ಐದೂವರೆ ವರ್ಷದ ಆ ಓದಿಗೆ ಧೈರ್ಯವಾಗಿ ಹೊರಡಿರಿ. ಸೀಟು ಸಿಗದಿದ್ದರೆ ನರ್ಸಿಂಗ್, ಪ್ರಯೋಗಾಲಯ, ಔಷಧಶಾಸ್ತ್ರ ಇವೆ. ಅವು ಸೋತವರ ದಾರಿಯಲ್ಲ. ಹೋಗಬೇಕೆನಿಸದಿದ್ದರೆ ತಂದೆತಾಯಿಗೆ ಅದನ್ನೇ ಹೇಳಿರಿ. ಹೇಳಲು ಭಯವಾದರೆ ನಮ್ಮಲ್ಲಿಗೆ ಬನ್ನಿರಿ, ನಾವು ಹೇಳುತ್ತೇವೆ. ಒಬ್ಬ ಹುಡುಗನಿಗೆ ಹಾಗೆ ಹೇಳಲಿಲ್ಲವೆಂಬ ನೋವು ನಮಗೆ ಸಾಕು.

ತಾಯಂದಿರೇ, ತೆಂಗಿನಕಾಯಿಗಳನ್ನು ಅಲ್ಲಿಯೇ ಇಡಿರಿ, ದಾಸೋಹಕ್ಕಾಗುತ್ತವೆ. ಪ್ರಸಾದ ಸಿದ್ಧವಾಗಿದೆಯಂತೆ. ಊಟವಾದ ಮೇಲೆ ಮಕ್ಕಳು ಮಾತ್ರ ಒಬ್ಬೊಬ್ಬರಾಗಿ ಒಳಗೆ ಬರಲಿ. ಹಿರಿಯರು ಹೊರಗಿನ ಜಗುಲಿಯಲ್ಲಿ ಕುಳಿತಿರಿ.