ಗೋಡೆ ಒಡೆಯುವವರ ನಡುವೆ ಭಾಷೆ ಬಲ್ಲ ಹುಡುಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀನು ಬಿ.ಇ. ಮಾಡಿದವನು, ಮಕ್ಕಳಿಗೆ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ" ಎಂದಿದ್ದರು. ಹಾಗೇ ತಯಾರಾಗಿ ಬಂದಿದ್ದೆ. ಆದರೆ ಬೆಳಗ್ಗೆ ಒಂಬತ್ತನೇ ತರಗತಿಗೆ ಹೋಗಿ "ನಿಮಗೆ ಏನು ತಿಳಿಯಬೇಕು?" ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಸೂಪರ್‌ಹೀರೋಗಳು ನಮ್ಮ ವಯಸ್ಸಿನಲ್ಲಿ ಯಾವ ಶಾಲೆಗೆ ಹೋಗ್ತಿದ್ರು?" ಎಂದ. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ತುಂಬಾ ಒಳ್ಳೆಯದು. ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ. ಗುರುಗಳು ಕ್ಷಮಿಸಬೇಕು.

ನಾನು ನಿಮ್ಮ ವಯಸ್ಸಿನಲ್ಲಿ ಬಲ್ಲ ಸೂಪರ್‌ಹೀರೋ ಒಬ್ಬನೇ, ಬಾಲಮಂಗಳದ ಡಿಂಗ. ಕ್ಷೌರದಂಗಡಿಯಲ್ಲಿ ಸರದಿ ಬರುವವರೆಗೆ ಅವನ ಕತೆ ಓದುತ್ತಿದ್ದೆವು. ಸರದಿ ಬಂದರೂ "ನೀವು ಮುಂದೆ ಹೋಗಿ ಅಣ್ಣಾ" ಎಂದು ಬೇರೆಯವರನ್ನು ಕಳಿಸುತ್ತಿದ್ದೆವು. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಅಮೆರಿಕದ ಕಾಮಿಕ್ಸ್ ಸಿಕ್ಕವು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಿತ್ರ ನೋಡಿಕೊಂಡು ಮಾತು ಅರ್ಥ ಮಾಡಿಕೊಳ್ಳುತ್ತಾ ಹೋದೆ. ಇಂಗ್ಲಿಷ್ ಕಲಿತದ್ದೂ ಸ್ವಲ್ಪ ಹಾಗೆಯೇ.

ಮೊದಲ ಸೂಪರ್‌ಹೀರೋಗಳೆಲ್ಲ ದೊಡ್ಡವರು. 1938ರಲ್ಲಿ ಬಂದ ಸೂಪರ್‌ಮ್ಯಾನ್ ಪತ್ರಿಕೆಯಲ್ಲಿ ಕೆಲಸ ಮಾಡುವ ಗಂಡಸು. ಹುಡುಗರಿಗೆ ಸಿಕ್ಕದ್ದು ಸಹಾಯಕನ ಪಾತ್ರ. 1940ರಲ್ಲಿ ಬಂದ ರಾಬಿನ್, ಬ್ಯಾಟ್‌ಮ್ಯಾನ್ ಹಿಂದೆ ಓಡುವ ಹುಡುಗ. 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ತಂದರು. ಅವನು ಹೈಸ್ಕೂಲು ಹುಡುಗನೇ. ಆದರೆ ತನ್ನ ಶಕ್ತಿಯ ವಿಷಯ ಯಾರಿಗೂ ಹೇಳುವಂತಿಲ್ಲ. ಶಾಲೆಯಲ್ಲಿ ಎಲ್ಲ ಪಾಠವೂ ಇತ್ತು, ಅವನಿಗೆ ಬೇಕಾದ ಪಾಠ ಒಂದು ಬಿಟ್ಟು.

ಆ ಕೊರತೆ ಮರುವರ್ಷವೇ ತುಂಬಿತು. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 'ಎಕ್ಸ್-ಮೆನ್' ಶುರು ಮಾಡಿದರು. ಇವರ ಶಕ್ತಿ ಹುಟ್ಟಿನಿಂದಲೇ ಬಂದದ್ದು, ಆದರೆ ಅದು ಹೊರಬೀಳುವುದು ಹೆಚ್ಚಾಗಿ ಹದಿಹರೆಯದಲ್ಲಿ, ಗಂಡುಮಕ್ಕಳ ಗಂಟಲು ಒಡೆಯುವ ಹಾಗೆ, ಹೇಳದೆ ಕೇಳದೆ. ಒಬ್ಬ ಹುಡುಗ ಬೆನ್ನಿನ ರೆಕ್ಕೆಗಳನ್ನು ಪಟ್ಟಿಯಿಂದ ಬಿಗಿದು ಕೋಟಿನೊಳಗೆ ಅಡಗಿಸಿಕೊಳ್ಳುತ್ತಾನೆ. ಇನ್ನೊಬ್ಬ, ಸೈಕ್ಲಾಪ್ಸ್, ಕಣ್ಣು ತೆರೆದರೆ ಸಾಕು, ಎದುರಿನ ಗೋಡೆ ಒಡೆಯುವಂಥ ಕಿರಣ ಹೊರಡುತ್ತದೆ. ಅದನ್ನು ನಿಲ್ಲಿಸಲು ಅವನಿಗೆ ಬಾರದು. ಕೆಂಪು ಗಾಜಿನ ವಿಶೇಷ ಕನ್ನಡಕ ಹಾಕಿಕೊಂಡೇ ಬದುಕಬೇಕು. ಇಂಥ ಐವರಿಗಾಗಿ ಪ್ರೊಫೆಸರ್ ಝೇವಿಯರ್ ಎಂಬಾತ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್‌ನಲ್ಲಿರುವ ತನ್ನ ದೊಡ್ಡ ಮನೆಯನ್ನೇ ಶಾಲೆ ಮಾಡುತ್ತಾನೆ. ಆತ ಗಾಲಿಕುರ್ಚಿಯಲ್ಲಿ ಕುಳಿತೇ ಪಾಠ ಮಾಡುವ ಮೇಷ್ಟ್ರು.

ಈಗ ಮಕ್ಕಳೇ, ಅಂಥದೊಂದು ಶಾಲೆಯನ್ನು ನೀವೇ ಕಟ್ಟಬೇಕು ಎಂದುಕೊಳ್ಳಿ. ಕಟ್ಟಡ, ಸಮವಸ್ತ್ರ ಆಮೇಲೆ. ಮೊದಲು ಮೂರು ಪ್ರಶ್ನೆ. ಯಾರನ್ನು ಸೇರಿಸಿಕೊಳ್ಳುತ್ತೀರಿ? ಏನು ಕಲಿಸುತ್ತೀರಿ? ತಂಡ ಹೇಗೆ ಕಟ್ಟುತ್ತೀರಿ?

ಮೊದಲನೆಯ ಪ್ರಶ್ನೆಗೆ ಉತ್ತರ 1983ರ ಒಂದು ಸಂಚಿಕೆಯಲ್ಲಿದೆ. ರೋಗ್ ಎಂಬ ಹುಡುಗಿ. ಅವಳ ಚರ್ಮ ತಾಗಿದರೆ ಎದುರಿನವರ ನೆನಪು, ಶಕ್ತಿ ಎಲ್ಲ ಅವಳಿಗೆ ಬಂದುಬಿಡುತ್ತದೆ, ಅವರು ಪ್ರಜ್ಞೆ ತಪ್ಪಿ ಬೀಳುತ್ತಾರೆ. ಅವಳು ಶತ್ರುಗಳ ಗುಂಪಿನಲ್ಲಿದ್ದವಳು, ಇದೇ ಶಾಲೆಯವರ ಮೇಲೆ ಕೈಮಾಡಿದವಳು. ಒಂದು ದಿನ ತಲೆಯೊಳಗೆ ಬೇರೆಯವರ ನೆನಪುಗಳ ಗದ್ದಲ ತಡೆಯಲಾರದೆ ಬಂದು ಸಹಾಯ ಕೇಳುತ್ತಾಳೆ. ವಿದ್ಯಾರ್ಥಿಗಳೆಲ್ಲ "ಬೇಡ" ಎನ್ನುತ್ತಾರೆ. ಮೇಷ್ಟ್ರು ಸೇರಿಸಿಕೊಳ್ಳುತ್ತಾರೆ. ಮುಂದೆ ಅದೇ ಹುಡುಗಿ ಆ ತಂಡದ ಮುಖ್ಯರಲ್ಲಿ ಒಬ್ಬಳಾದಳು.

ಇದನ್ನು ಓದಿದಾಗ ನನಗೆ ನೆನಪಾದದ್ದು ಈ ಶಾಲೆ. ಎಂಟನೇ ತರಗತಿಗೆ ಸೇರಲು ಅಪ್ಪನ ಜೊತೆ ಬಂದಾಗ ಇಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ. "ಟಿ.ಸಿ. ತಂದಿದೀರಾ?" ಎಂದಷ್ಟೇ ಕೇಳಿದರು. ತೊಂಬತ್ತು ತೆಗೆದವನಿಗೂ ಮೂವತ್ತೈದು ತೆಗೆದವನಿಗೂ ಒಂದೇ ಬಾಗಿಲು. ಆಗ ಅದು ದೊಡ್ಡದು ಅನ್ನಿಸಿರಲಿಲ್ಲ. ಆರಿಸಿ ಸೇರಿಸಿಕೊಳ್ಳುವ ಜಾಗಗಳನ್ನೆಲ್ಲ ನೋಡಿ ಬಂದ ಮೇಲೆ ಅನ್ನಿಸುತ್ತಿದೆ.

ಎರಡನೆಯದು, ಏನು ಕಲಿಸುವುದು? ಝೇವಿಯರ್ ಶಾಲೆಯಲ್ಲಿ 'ಡೇಂಜರ್ ರೂಮ್' ಎಂಬ ಕೋಣೆ ಇದೆ. ಗೋಡೆಯಿಂದ ಯಂತ್ರಗಳು ಬರುತ್ತವೆ, ನೆಲ ಬಾಯಿ ಬಿಡುತ್ತದೆ. ಹೆಸರು ಕೇಳಿದರೆ ಹೆದರಿಕೆ, ಆದರೆ ಅದು ತಪ್ಪು ಮಾಡುವುದಕ್ಕೇ ಇರುವ ಕೋಣೆ. 1982ರಲ್ಲಿ ಈ ಶಾಲೆಗೆ ಹೊಸ ಕಿರಿಯರ ತಂಡ ಬಂತು, 'ನ್ಯೂ ಮ್ಯುಟಂಟ್ಸ್'. ಕ್ರಿಸ್ ಕ್ಲೇರ್ಮಾಂಟ್ ಮತ್ತು ಬಾಬ್ ಮೆಕ್ಲಿಯಡ್ ಸೃಷ್ಟಿಸಿದ್ದು. ಅದರಲ್ಲಿ ಕ್ಯಾನನ್‌ಬಾಲ್ ಎಂಬ ಹುಡುಗ ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ಅಪ್ಪ ಸತ್ತ ಮೇಲೆ ತಾನೂ ಗಣಿಗಿಳಿದವನು. ಫಿರಂಗಿ ಗುಂಡಿನಂತೆ ಹಾರುತ್ತಾನೆ, ಆದರೆ ತಿರುಗಲು ಬಾರದು, ಇಳಿಯಲೂ ಬಾರದು. ಹೋಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ. ಯಾರೂ ಅವನನ್ನು ಹೊರಗೆ ಕಳಿಸುವುದಿಲ್ಲ. ಮತ್ತೆ ಹಾರಿಸುತ್ತಾರೆ.

ನಮ್ಮ ಕೆಲಸದಲ್ಲೂ ಇದೇ ಇದೆ. ಹೊಸದಾಗಿ ಬರೆದ ಪ್ರೋಗ್ರಾಂ ಅನ್ನು ನೇರವಾಗಿ ಗ್ರಾಹಕರಿಗೆ ಕೊಡುವುದಿಲ್ಲ. ಟೆಸ್ಟ್ ಸರ್ವರ್ ಎಂಬ ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ಕೆಡಿಸಲು ನೋಡುತ್ತೇವೆ. ಅಲ್ಲಿ ಕೆಟ್ಟರೆ ಯಾರಿಗೂ ನಷ್ಟವಿಲ್ಲ. ನಮ್ಮ ಗಣಿತದ ಮೇಷ್ಟ್ರು ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, "ಹೂಂ, ಮುಂದಕ್ಕೆ ಹೋಗು" ಎಂದು ತಪ್ಪು ದಾರಿಯಲ್ಲೇ ಕೊನೆಯವರೆಗೂ ಬಿಡುತ್ತಿದ್ದರು. ಆಮೇಲೆ, "ಈಗ ಎಲ್ಲಿ ದಾರಿ ತಪ್ಪಿದೆ ನೀನೇ ಹುಡುಕು" ಎನ್ನುತ್ತಿದ್ದರು. ನನ್ನ ಡೇಂಜರ್ ರೂಮ್ ಅದು.

ಒಂದು ವಿಷಯದಲ್ಲಿ ಮಾತ್ರ ಝೇವಿಯರ್ ಮೇಷ್ಟ್ರ ಮೇಲೆ ನನಗೆ ತಕರಾರಿದೆ. ಈ ಕಿರಿಯರನ್ನು ಹೋರಾಟಕ್ಕೆ ಕಳಿಸುವುದಿಲ್ಲ, ಬರೀ ಕಲಿಸುತ್ತೇನೆ ಎಂದೇ ಅವರು ಶುರು ಮಾಡಿದ್ದು. ಆದರೂ ಮಕ್ಕಳು ಮತ್ತೆ ಮತ್ತೆ ಯುದ್ಧದಲ್ಲಿ ಸಿಕ್ಕಿಬಿದ್ದರು. ನಾನು ಕಟ್ಟುವ ಶಾಲೆಯಲ್ಲಿ ಹದಿನೆಂಟು ತುಂಬುವವರೆಗೆ ಯಾರೂ ಜಗತ್ತನ್ನು ಉಳಿಸಬೇಕಾಗಿಲ್ಲ. ಜಗತ್ತು ಎರಡು ವರ್ಷ ಕಾಯಲಿ.

ಮೂರನೆಯದು ತಂಡ. ನಾನು ನಿಜವಾಗಿ ಹೇಳಬೇಕೆಂದದ್ದು ಇದು.

1984ರಲ್ಲಿ ಆ ಕತೆಯೊಳಗೆ ಡಗ್ ರಾಮ್ಸೆ ಎಂಬ ಹುಡುಗ ಬಂದ. ಅವನ ಶಕ್ತಿ ಏನು ಗೊತ್ತೇ? ಯಾವ ಭಾಷೆಯಾದರೂ ಅವನಿಗೆ ಅರ್ಥವಾಗುತ್ತದೆ. ಮನುಷ್ಯರದು, ಬೇರೆ ಗ್ರಹದವರದು, ಕಂಪ್ಯೂಟರಿನದು ಕೂಡ. ಅಷ್ಟೇ. ಹಾರಲು ಬಾರದು, ಗೋಡೆ ಒಡೆಯಲು ಬಾರದು, ಗುಂಡು ತಡೆಯುವ ಮೈಯೂ ಇಲ್ಲ. ಜಗಳದ ಚಿತ್ರಗಳಲ್ಲಿ ಅವನಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. "ಇವನಿಂದ ಏನು ಪ್ರಯೋಜನ?" ಎಂದ ಓದುಗರೂ ಇದ್ದರು. 1988ರಲ್ಲಿ ಗೆಳತಿಯ ಕಡೆಗೆ ಬಂದ ಗುಂಡಿಗೆ ಅಡ್ಡ ಬಂದು ಡಗ್ ಸತ್ತ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಬೆಂಚಿನಲ್ಲಿ ಒಬ್ಬ ಡಗ್ ಕೂರುತ್ತಿದ್ದ.

ನಮ್ಮದು ಗಡಿ ತಾಲ್ಲೂಕು. ಅವನು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ತಾಂಡಾದ ಗೆಳೆಯರ ಜೊತೆ ಲಂಬಾಣಿ ಮಾತಾಡುತ್ತಿದ್ದ. ಹೊಸಬರು ಬಂದರೆ ಎರಡೇ ದಿನದಲ್ಲಿ ಅವರ ಮಾತಿನ ಧಾಟಿ ಹಿಡಿಯುತ್ತಿದ್ದ. ನಾವು ಅದನ್ನು ಮಿಮಿಕ್ರಿ ಎಂದು ನಗುತ್ತಿದ್ದೆವು. ಹತ್ತನೇ ತರಗತಿಯಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮೂವರ ತಂಡ ಮಾಡಬೇಕಾಯಿತು. ಮರಳು, ಇದ್ದಿಲು, ಜಲ್ಲಿ ಹಾಕಿ ನೀರು ಸೋಸುವ ಮಡಕೆಗಳ ಮಾದರಿ ನಮ್ಮದು. ಮೇಷ್ಟ್ರು ಆಯ್ಕೆಯನ್ನು ನನಗೇ ಬಿಟ್ಟರು. ನಾನು ಅಂಕಪಟ್ಟಿ ನೋಡಿ ಇಬ್ಬರನ್ನು ಆರಿಸಿದೆ. ಅವನನ್ನು "ಮಡಕೆ ಹೊರೋಕೆ ಬಾರೋ" ಎಂದು ಕರೆದುಕೊಂಡು ಹೋದೆ.

ಪ್ರದರ್ಶನಕ್ಕೆ ಹಳ್ಳಿಯವರೂ ಬಂದಿದ್ದರು. ನಾವು ಮೂವರೂ ಉರು ಹೊಡೆದ ಪುಸ್ತಕದ ಕನ್ನಡವನ್ನು ಒಪ್ಪಿಸಿದೆವು. ಒಬ್ಬ ಅಜ್ಜಿ ತೆಲುಗಿನಲ್ಲಿ ಏನೋ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಹಿಂದೆ ನಿಂತಿದ್ದ ಅವನು ಮುಂದೆ ಬಂದು, ಇದ್ದಿಲನ್ನು ಯಾವಾಗ ಬದಲಿಸಬೇಕು, ಸೋಸಿದ ನೀರನ್ನೂ ಯಾಕೆ ಕಾಯಿಸಿ ಕುಡಿಯಬೇಕು ಎಂದು ಅವರ ಮಾತಿನಲ್ಲೇ ಹೇಳಿದ. ಆಮೇಲೆ ಇನ್ನೊಬ್ಬರಿಗೆ ಉರ್ದುವಿನಲ್ಲಿ. ಜನ ಸೇರಿದರು. ತೀರ್ಪುಗಾರರೂ ಬಂದು ನಿಂತರು. ನಮಗೆ ಎರಡನೇ ಬಹುಮಾನ ಬಂತು. ಪ್ರಶಸ್ತಿ ಪತ್ರ ಬಂದದ್ದು ಮೂವರಿಗೆ. ಅವನು ಮಡಕೆಗಳನ್ನು ಹೊತ್ತು ವಾಪಸ್ ತಂದ.

ಆ ವರ್ಷ ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾದ. ಮತ್ತೆ ಕಟ್ಟಲಿಲ್ಲ.

ಡಗ್ ಕತೆ ಮುಗಿದಿಲ್ಲ. ಕಾಮಿಕ್ಸ್‌ನಲ್ಲಿ ಸತ್ತವರು ಎದ್ದು ಬರುವುದುಂಟು. ಅವನೂ ಬಂದ. 2019ರಲ್ಲಿ ಜೊನಾಥನ್ ಹಿಕ್ಮನ್ ಬರೆದ ಕತೆಯಲ್ಲಿ ಈ ಜನರೆಲ್ಲ ಸೇರಿ ಕ್ರಕೋವಾ ಎಂಬ ದ್ವೀಪದಲ್ಲಿ ತಮ್ಮದೇ ದೇಶ ಕಟ್ಟುತ್ತಾರೆ. ಆ ದ್ವೀಪಕ್ಕೆ ಜೀವವಿದೆ, ಆದರೆ ಅದರ ಮಾತು ಯಾರಿಗೂ ತಿಳಿಯದು. ತಿಳಿಯುವುದು ಡಗ್‌ಗೆ ಮಾತ್ರ. ದ್ವೀಪದ ಜೊತೆ ಮಾತಾಡಿದವನೂ ಅವನೇ, ಹೊಸ ದೇಶಕ್ಕೊಂದು ಭಾಷೆ ಮಾಡಿಕೊಟ್ಟವನೂ ಅವನೇ. ಪ್ರಯೋಜನವಿಲ್ಲ ಎನ್ನಿಸಿಕೊಂಡ ಹುಡುಗ ಇಲ್ಲದಿದ್ದರೆ ಆ ದೇಶವೇ ಇಲ್ಲ. ಇದು ಕಾಣಲು 1984ರಿಂದ 2019ರವರೆಗೆ, 35 ವರ್ಷ ಬೇಕಾಯಿತು. ಅವನ ಶಕ್ತಿ ಹೆಚ್ಚಾಗಿದ್ದರಿಂದಲ್ಲ. ಯಾರೋ ಒಬ್ಬರು ಅವನಿಗೆ ತಕ್ಕ ಕೆಲಸ ಯಾವುದು ಎಂದು ಕೇಳಿಕೊಂಡಿದ್ದರಿಂದ.

ನನ್ನ ಗೆಳೆಯ ಈಗ ನಮ್ಮ ಊರಿನಲ್ಲೇ ಆಟೋ ಓಡಿಸುತ್ತಾನೆ. ಆಸ್ಪತ್ರೆಗೆ ಬರುವ ವಯಸ್ಸಾದವರನ್ನು ಇಳಿಸಿ ಹಾಗೇ ಹೋಗುವುದಿಲ್ಲ. ಒಳಗೆ ಹೋಗಿ, ಬೇರೆ ಕಡೆಯಿಂದ ಬಂದ ಡಾಕ್ಟರಿಗೆ ಅವರ ನೋವನ್ನು ಕನ್ನಡದಲ್ಲಿ ಹೇಳಿ, ಡಾಕ್ಟರು ಹೇಳಿದ್ದನ್ನು ಅವರ ಭಾಷೆಯಲ್ಲಿ ಹೇಳಿ, ಮಾತ್ರೆ ಯಾವುದು ಯಾವಾಗ ಎಂದು ಎರಡು ಸಲ ಕೇಳಿಸಿ ಕಳಿಸುತ್ತಾನೆ. ಇವತ್ತು ಬಸ್‌ಸ್ಟ್ಯಾಂಡಿನಿಂದ ನನ್ನನ್ನು ಕರೆತಂದವನೂ ಅವನೇ. ಬಾಡಿಗೆ ತೆಗೆದುಕೊಳ್ಳಲಿಲ್ಲ. "ಒಳಗೆ ಬಾರೋ" ಎಂದರೆ, "ನಾನು ಫೇಲಾದೋನು ಕಣಪ್ಪಾ, ಹಳೇ ವಿದ್ಯಾರ್ಥಿ ಲಿಸ್ಟಲ್ಲಿ ನನ್ನ ಹೆಸರೇ ಇಲ್ಲ" ಎಂದ.

ನಿಜ. ನಾವು ಆಹ್ವಾನದ ಪಟ್ಟಿ ಮಾಡಿದ್ದು ಪಾಸಾದವರ ದಾಖಲೆಯಿಂದ. ಸಮಿತಿಯವರನ್ನು ನಾನು ದೂರುತ್ತಿಲ್ಲ. ಆ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ, ನನಗೂ ಹೊಳೆಯಲಿಲ್ಲ. ಮೂವರ ತಂಡ ಮಾಡಿದಾಗ ಹೊಳೆಯದ ಹಾಗೆಯೇ.

ಆದ್ದರಿಂದ ಸಮಿತಿಯಲ್ಲಿ ಒಂದು ವಿನಂತಿ. ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಅಚ್ಚಾಗುವ ಪಟ್ಟಿಯನ್ನು ದಾಖಲಾತಿ ಪುಸ್ತಕದಿಂದ ತೆಗೆಯೋಣ. ಫೇಲಾದವರು, ಮದುವೆಯಾಗಿ ಬಿಟ್ಟ ಹೆಣ್ಣುಮಕ್ಕಳು, ಕೂಲಿಗೆ ಹೋದವರು, ಎಲ್ಲರ ಹೆಸರೂ ಬರಲಿ. 50 ವರ್ಷದ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಬಾಗಿಲಲ್ಲಿ ಅಂಕ ಕೇಳದ ಶಾಲೆ, ನೆನಪಿಸಿಕೊಳ್ಳುವಾಗಲೂ ಕೇಳಬಾರದು.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಡ್ರಾಯಿಂಗ್ ಪುಸ್ತಕಗಳನ್ನು ತಂದಿದ್ದೇನೆ. ಐದೈದು ಜನ ಸೇರಿ ನಿಮ್ಮದೇ ಸೂಪರ್‌ಹೀರೋ ಶಾಲೆ ಬರೆಯಿರಿ. ನಿಯಮ ಎರಡೇ. ಪ್ರತಿಯೊಬ್ಬರಿಗೂ ಬಾರದ ಒಂದು ಕೆಲಸ ಇರಬೇಕು. ಮತ್ತು ಐವರಲ್ಲಿ ಒಬ್ಬರ ಶಕ್ತಿ ಜಗಳಕ್ಕೆ ಏನೇನೂ ಉಪಯೋಗವಿಲ್ಲದ್ದಾಗಿರಬೇಕು. ಆ ಒಬ್ಬರಿಲ್ಲದೆ ಕತೆ ಮುಗಿಯಬಾರದು. ಬರೆಯುವ ಮೊದಲು ನಿಮ್ಮ ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ.

ಗೇಟಿನ ಹೊರಗೆ ಆಟೋ ಇನ್ನೂ ನಿಂತಿದೆ. ನನ್ನ ಮಾತು ಮುಗಿಸಿ ಅವನನ್ನು ಊಟಕ್ಕೆ ಕರೆಯಲು ಹೋಗುತ್ತೇನೆ. ಯಾರಾದರೂ ಗುರುಗಳು ನನ್ನ ಜೊತೆ ಬಂದರೆ ಅವನು ಇಲ್ಲ ಎನ್ನಲಾರ.