ಹಳೇ ಫ್ಯಾನು ಗಟ್ಟಿಯೋ, ಹೊಸದು ಗಟ್ಟಿಯೋ?

ಮಿಕ್ಸಿ ಕೆಟ್ಟ ದಿನ ಅಜ್ಜಿ ಹೇಳುವ ಮಾತನ್ನು ನೀವೂ ಕೇಳಿರುತ್ತೀರಿ: “ನಮ್ಮ ಕಾಲದ ಸಾಮಾನು ಗಟ್ಟಿ ಕಣೋ. ಈಗಿನದ್ದೆಲ್ಲ ಬರೀ ಥಳಕು.” ಅಜ್ಜಿ ಹೇಳಿದ್ದು ನಿಜವೇ ಮಕ್ಕಳೇ? ಅರ್ಧ ನಿಜ. ಉಳಿದರ್ಧ ಏನೆಂದು ನೋಡೋಣ ಬನ್ನಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿವರ್‌ಮೋರ್ ಎಂಬ ಊರಿದೆ. ಅಲ್ಲಿನ ಅಗ್ನಿಶಾಮಕ ಠಾಣೆಯಲ್ಲಿ ಒಂದು ಬಲ್ಬು 1901ರಿಂದ ಉರಿಯುತ್ತಿದೆ. ಎಲ್ಲೋ ಕೆಲವು ಸಲ ಆರಿದ್ದು ಬಿಟ್ಟರೆ, ನೂರಿಪ್ಪತ್ತು ವರ್ಷ ದಾಟಿದರೂ ಅದಕ್ಕೆ ಸುಸ್ತಿಲ್ಲ! ಹಾಗಾದರೆ ಅಜ್ಜಿ ಗೆದ್ದರೇ? ತಡೆಯಿರಿ. ಆ ಬಲ್ಬು ಈಗ ಕೊಡುವ ಬೆಳಕು ಸುಮಾರು 4 ವ್ಯಾಟಿನದು, ಮಲಗುವ ಕೋಣೆಯ ಜೀರೋ ಬಲ್ಬಿನಷ್ಟು. ಅದರಡಿ ಕೂತು ಹೋಮ್‌ವರ್ಕ್ ಮಾಡಲಾಗದು.

ಗುಟ್ಟು ಇರುವುದು ಅಲ್ಲೇ. ಹಳೆಯ ಬಲ್ಬಿನೊಳಗೆ ಕೂದಲೆಳೆಯಂಥ ತಂತಿಯಿರುತ್ತದೆ. ಕರೆಂಟು ಹರಿದಾಗ ಅದು ಕಾದು ಹೊಳೆಯುತ್ತದೆ. ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು. ಆದರೆ ಹಾಗೆ ಕಾದಾಗ ತಂತಿಯ ಕಣಗಳು ಒಂದೊಂದಾಗಿ ಆವಿಯಾಗುತ್ತವೆ, ತಂತಿ ಸವೆಯುತ್ತದೆ, ಒಂದು ದಿನ ಪಟ್ಟೆಂದು ತುಂಡಾಗುತ್ತದೆ. ಲಿವರ್‌ಮೋರಿನ ಬಲ್ಬು ಅಷ್ಟು ಕಾಯುವುದೇ ಇಲ್ಲ. ಅದಕ್ಕೇ ಬದುಕಿದೆ.

ಇದರ ನಡುವೆ ವ್ಯಾಪಾರವೂ ಕೈಯಾಡಿಸಿತು. 1924ರಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಸೇರಿ ಒಂದು ಕೂಟ ಕಟ್ಟಿದವು. ಬಲ್ಬು ಬಾಳಬೇಕಾದ್ದು 1,000 ಗಂಟೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡ! ಬೆಳಕು ಪ್ರಖರವಾಗಿರಲಿ ಎಂದೇ ಹೀಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಅದರಲ್ಲಿ ಸ್ವಲ್ಪ ವಿಜ್ಞಾನ ಇದ್ದದ್ದು ಹೌದು. ಆದರೆ ದಂಡ ಹಾಕಿದ್ದು ವಿಜ್ಞಾನಕ್ಕಾಗಿ ಎಂದರೆ ನಾನಂತೂ ನಂಬುವುದಿಲ್ಲ.

ಈಗ ತಲೆ ಎತ್ತಿ ಫ್ಯಾನು ನೋಡಿ. ಹಳೆಯ ಫ್ಯಾನಿನೊಳಗೆ ಇರುವುದು ತಾಮ್ರದ ಸುರುಳಿ, ಬೇರಿಂಗು, ಒಂದು ಕಂಡೆನ್ಸರ್, ಇಷ್ಟೇ. ಫ್ಯಾನು ನಿಧಾನವಾದರೆ ಎಲೆಕ್ಟ್ರಿಷಿಯನ್ ಮಾಮ ಬಂದು “ಕಂಡೆನ್ಸರ್ ಹೋಗಿದೆ” ಎಂದು ಬದಲಾಯಿಸುತ್ತಾರೆ, ಫ್ಯಾನು ಮತ್ತೆ ಗಿರ್ರನೆ ತಿರುಗುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನಿನಲ್ಲಿ ಆಯಸ್ಕಾಂತಗಳ ಜೊತೆಗೆ ಒಂದು ಎಲೆಕ್ಟ್ರಾನಿಕ್ ಬೋರ್ಡೂ ಇರುತ್ತದೆ. ಬಿಸಿ, ಕರೆಂಟಿನ ಏರಿಳಿತ ಎರಡೂ ಅದಕ್ಕೆ ಆಗಿಬರುವುದಿಲ್ಲ. ಅದು ಕೆಟ್ಟರೆ ಸಾಮಾನ್ಯವಾಗಿ ಅದೇ ಕಂಪನಿಯ ಬೋರ್ಡೇ ಬೇಕು.

ಆದರೆ ಹಳೆಯದು ಸುಮಾರು 75 ವ್ಯಾಟ್ ನುಂಗಿದರೆ ಹೊಸದಕ್ಕೆ ಸುಮಾರು 30 ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ವರ್ಷಕ್ಕೆ ಎಷ್ಟು ಯೂನಿಟ್ ಉಳಿಯುತ್ತದೆ, ಲೆಕ್ಕ ಹಾಕಿ. ಸುಮಾರು 164 ಬಂತೇ? ಶಹಭಾಷ್!

ಎಲ್‌ಇಡಿ ಬಲ್ಬಿನದೂ ಇದೇ ಕತೆ. ಬೆಳಕು ಕೊಡುವ ಚಿಪ್ ಬಹಳ ವರ್ಷ ಬಾಳಬಲ್ಲದು. ಅನೇಕ ಸಲ ಮೊದಲು ಸೋಲುವುದು ಬುಡದಲ್ಲಿರುವ ಪುಟ್ಟ ಸರ್ಕ್ಯೂಟು. ಗಾಳಿಯಾಡದ ಗಾಜಿನ ಗೂಡಿನೊಳಗೆ ಬಲ್ಬು ಹಾಕಿದರೆ ಬಿಸಿ ಹೊರಹೋಗದೆ ಅದು ಬೇಗ ಕೆಡುತ್ತದೆ.

ಅಜ್ಜಿಯ ಮಾತಿನಲ್ಲಿ ಇನ್ನೊಂದು ಸೋಜಿಗವಿದೆ. ಹಳೇ ಸಿನಿಮಾ ಹಾಡೆಲ್ಲ ಇಂಪು ಅನ್ನುತ್ತೇವಲ್ಲ? ಇಂಪಿಲ್ಲದವು ಮರೆತೇಹೋಗಿರುತ್ತವೆ, ಇಂಪಾದವಷ್ಟೇ ಇಂದಿಗೂ ಕೇಳುತ್ತಿವೆ. ಅಜ್ಜಿಯ ಕಾಲದಲ್ಲೂ ಎಷ್ಟೋ ಫ್ಯಾನು, ಇಸ್ತ್ರಿಪೆಟ್ಟಿಗೆಗಳು ಬೇಗ ಕೆಟ್ಟು ಗುಜರಿ ಸೇರಿದವು. ಈಗ ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡ ಗಟ್ಟಿಗರು ಮಾತ್ರ. ಉಳಿದವನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಸರಿಯಾದ ಲೆಕ್ಕ ಬೇಕೇ? ನೀವೇ ಶುರುಮಾಡಿ. ಮನೆಗೆ ಹೊಸ ಯಂತ್ರ ಬಂದ ದಿನವೇ ತಾರೀಕು ಬರೆದು ಅದರ ಹಿಂದೆ ಅಂಟಿಸಿ. ಕೆಟ್ಟಾಗ ಮಾತ್ರ ನೀವಾಗಿ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರಬಹುದು. ರಿಪೇರಿಯವರು ಬಂದಾಗ ತುಸು ದೂರದಲ್ಲಿ ಕೂತು ನೋಡಿ, ಹೋಗಿದ್ದು ಯಾವ ಭಾಗ, ಅದು ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ, ಬರೆದಿಟ್ಟುಕೊಳ್ಳಿ.