ಚುರುಕು ವಿಧಾನ ಮತ್ತು ತಂತ್ರಾಂಶದ ಗುಣಮಟ್ಟ



ಗಣಕಯಂತ್ರವು ಏನು ಮಾಡಬೇಕು, ಹೇಗೆ ಮಾಡಬೇಕು ಎಂದು ತಿಳಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಇಂದು ಬಸ್ಸಿನ ಟಿಕೆಟ್ಟಿನಿಂದ ಹಿಡಿದು ಬ್ಯಾಂಕಿನ ಲೆಕ್ಕದವರೆಗೆ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಅದರಲ್ಲಿ ತಪ್ಪು ಉಳಿದರೆ ನಷ್ಟವಾಗುವುದು ಹೆಚ್ಚಾಗಿ ಬರೆದವರಿಗಲ್ಲ, ಬಳಸುವವರಿಗೆ. ಆದ್ದರಿಂದ ತಂತ್ರಾಂಶವನ್ನು ಯಾವ ವಿಧಾನದಲ್ಲಿ ತಯಾರಿಸಿದರೆ ಗುಣಮಟ್ಟ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆ.

ಮೊದಲು ಹಳೆಯ ವಿಧಾನವನ್ನು ನೋಡೋಣ. ಬೇಕುಬೇಡಗಳನ್ನೆಲ್ಲ ಮೊದಲೇ ಪಟ್ಟಿ ಮಾಡುವುದು, ಆಮೇಲೆ ನಕ್ಷೆ ಹಾಕುವುದು, ಆಮೇಲೆ ಪ್ರೋಗ್ರಾಂ ಬರೆಯುವುದು, ಎಲ್ಲ ಮುಗಿದ ಮೇಲೆ ಪರೀಕ್ಷಿಸುವುದು. ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುವಂತೆ ಕೆಲಸ ಸಾಗುವುದರಿಂದ ಇದಕ್ಕೆ ಜಲಪಾತ ವಿಧಾನವೆಂದು ಹೆಸರಾಯಿತು. 1970ರಲ್ಲಿ ಈ ಮೆಟ್ಟಿಲುಗಳನ್ನು ಚಿತ್ರ ಬರೆದು ವಿವರಿಸಿದ ವಿನ್‌ಸ್ಟನ್ ರಾಯ್ಸ್ ಅವರೇ, ಪರೀಕ್ಷೆಯನ್ನು ಕೊನೆಗೆ ಬಿಡುವುದು ಅಪಾಯಕರವೆಂದು ಅದೇ ಲೇಖನದಲ್ಲಿ ಎಚ್ಚರಿಸಿದ್ದರು.

ಅಪಾಯ ಎಲ್ಲಿದೆ? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೆ.ಆರ್. ನಗರ ಸೀಮೆಯ ಹೊಸ ಅಗ್ರಹಾರದಂಥ ಊರಿನಲ್ಲಿ ಹಾಲಿನ ಡೈರಿಯ ಲೆಕ್ಕಕ್ಕೆ ನೀವೊಂದು ತಂತ್ರಾಂಶ ತಯಾರಿಸುತ್ತಿದ್ದೀರಿ. ರೈತರೊಬ್ಬರು 6 ಲೀಟರ್ ಹಾಲು ಹಾಕಿದರು. ಅಂದಿನ ದರ ಲೀಟರಿಗೆ 35 ರೂಪಾಯಿ 15 ಪೈಸೆ ಎಂದಿಟ್ಟುಕೊಳ್ಳಿ. ಅವರಿಗೆ ಬರಬೇಕಾದದ್ದು 210 ರೂಪಾಯಿ 90 ಪೈಸೆ. ಆದರೆ ನಿಮ್ಮ ಪ್ರೋಗ್ರಾಂ ಪೈಸೆಯನ್ನು ಬಿಟ್ಟು 210 ಎಂದಷ್ಟೇ ಬರೆದುಕೊಂಡಿತು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಷ್ಟೇ ಹಾಲು ಹಾಕಿದರೆ ತಿಂಗಳಿಗೆ 60 ಸಲ. ಅಲ್ಲಿಗೆ 54 ರೂಪಾಯಿ ಹೋಯಿತು. ಅಂಥ 100 ಮಂದಿ ಇದ್ದರೆ 5,400 ರೂಪಾಯಿ!

ಜಲಪಾತ ವಿಧಾನದಲ್ಲಿ ಆರು ತಿಂಗಳು ಕುಳಿತು ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಬಟವಾಡೆಯ ಪಟ್ಟಿ, ತಿಂಗಳ ಮೊತ್ತ, ವರ್ಷದ ವರದಿ ಎಲ್ಲವೂ ಅದೇ ತಪ್ಪು ಲೆಕ್ಕದ ಮೇಲೆ ನಿಂತಿರುತ್ತವೆ. ಒಂದನ್ನು ತಿದ್ದಲು ಹೋದರೆ ಹತ್ತು ಕಡೆ ಕೈಯಿಡಬೇಕಾಗುತ್ತದೆ.

ಇದಕ್ಕೆ ಪರಿಹಾರವೇನು? ಅದೇ ಡೈರಿಯಲ್ಲಿ ಹಾಲು ತೆಗೆದುಕೊಳ್ಳುವ ಕ್ರಮವನ್ನು ನೀವು ನೋಡಿರಬಹುದು. ಒಬ್ಬೊಬ್ಬರ ಹಾಲನ್ನೂ ಕ್ಯಾನಿಗೆ ಸುರಿಯುವ ಮೊದಲೇ ಪರೀಕ್ಷಿಸುತ್ತಾರೆ. ಕೆಟ್ಟ ಹಾಲು ಅಲ್ಲೇ ನಿಲ್ಲುತ್ತದೆ. ಎಲ್ಲವನ್ನೂ ಬೆರೆಸಿದ ಮೇಲೆ ಪರೀಕ್ಷಿಸಿದರೆ, ಕೆಟ್ಟದ್ದು ಯಾರ ಹಾಲು ಎಂದು ತಿಳಿಯುವುದೂ ಇಲ್ಲ, ಇಡೀ ಕ್ಯಾನು ಹಾಳಾಗುವುದು ತಪ್ಪುವುದೂ ಇಲ್ಲ.

ತಂತ್ರಾಂಶದಲ್ಲಿ ಈ ವಿವೇಕಕ್ಕೆ ಅಜೈಲ್ ಅಥವಾ ಚುರುಕು ವಿಧಾನವೆಂದು ಹೆಸರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ತಜ್ಞರು ಸೇರಿ ಇದರ ತತ್ತ್ವಗಳನ್ನು ಸಾರಿದರು. ಕೆಲಸವನ್ನು ಚಿಕ್ಕಚಿಕ್ಕ ತುಂಡುಗಳಾಗಿ ಒಡೆದು, ಒಂದೆರಡು ವಾರಕ್ಕೊಮ್ಮೆ ನಡೆಯುವಂಥ ಒಂದು ಭಾಗವನ್ನು ಬಳಸುವವರ ಮುಂದಿಟ್ಟು, ಅವರು ಹೇಳಿದಂತೆ ತಿದ್ದಿಕೊಳ್ಳುತ್ತ ಹೋಗುವುದು ಇದರ ಸಾರ. ನಮ್ಮ ಡೈರಿಯ ಉದಾಹರಣೆಯಲ್ಲಿ, ಎರಡನೆಯ ವಾರದಲ್ಲೇ ಹಾಲು ಹಾಕಿದ ಚೀಟಿ ರೈತರ ಕೈಗೆ ಬರುತ್ತದೆ. "ತೊಂಬತ್ತು ಪೈಸೆ ಎಲ್ಲಿ ಹೋಯಿತಪ್ಪ?" ಎಂದು ಅವರು ಕೇಳಿಯೇ ಕೇಳುತ್ತಾರೆ.

ಇಲ್ಲಿ ನಮ್ಮ ರಾಜ್ಯದ ಅನುಭವ ಗಮನಾರ್ಹವಾದುದು. 1990ರ ದಶಕದಲ್ಲಿ ಬೆಂಗಳೂರಿನ ಕಂಪನಿಗಳು ಕಟ್ಟುನಿಟ್ಟಾದ, ದಾಖಲೆ ತುಂಬಿದ ಕಾರ್ಯಕ್ರಮಗಳಿಂದ ಹೆಸರು ಗಳಿಸಿದವು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸಿ.ಎಂ.ಎಂ. ಎಂಬ ಅಳತೆಗೋಲಿನ ಅತ್ಯುನ್ನತವಾದ ಐದನೆಯ ಮಟ್ಟವನ್ನು ಮೋಟೊರೋಲಾದ ಬೆಂಗಳೂರು ಘಟಕ ಆ ದಶಕದ ಮೊದಲರ್ಧದಲ್ಲೇ ಮುಟ್ಟಿತು. ಹಾಗಿರುವಾಗ, ದಾಖಲೆಗಿಂತ ನಡೆಯುವ ತಂತ್ರಾಂಶವೇ ಮುಖ್ಯವೆನ್ನುವ ಹೊಸ ವಿಧಾನ ಬಂದರೆ ಗುಣಮಟ್ಟ ಕುಸಿಯುವುದಿಲ್ಲವೇ ಎಂಬ ಸಂಶಯ ಸಹಜವಾಗಿತ್ತು. ಬೇಡಿಕೆ ಇಡುವವರು ಅಮೆರಿಕದಲ್ಲಿ, ಬರೆಯುವವರು ಬೆಂಗಳೂರಿನಲ್ಲಿ ಇದ್ದಾಗ ಈ ಸಂಶಯ ಇನ್ನೂ ಹೆಚ್ಚು.

2001ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದ ಥಾಟ್‌ವರ್ಕ್ಸ್ ಸಂಸ್ಥೆ ಇದನ್ನೇ ಪ್ರಯೋಗಿಸಿ ನೋಡಿತು. ಸ್ನೋಬರ್ಡ್‌ನ 17 ಮಂದಿಯಲ್ಲಿ ಒಬ್ಬರಾದ, ಅದೇ ಸಂಸ್ಥೆಯ ಮಾರ್ಟಿನ್ ಫೌಲರ್ ಆ ಅನುಭವವನ್ನು ಬರೆದಿಟ್ಟಿದ್ದಾರೆ. ಎರಡೂ ಕಡೆಯವರು ಬರೆದುದನ್ನು ತಡಮಾಡದೆ ಒಟ್ಟಿಗೆ ಜೋಡಿಸಿ ಪರೀಕ್ಷಿಸುವುದು, ಒಂದು ಕಡೆಯವರು ಇನ್ನೊಂದು ಕಡೆಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದು, ಬೇಡಿಕೆಯನ್ನು ಪರೀಕ್ಷೆಯ ರೂಪದಲ್ಲೇ ಬರೆದುಕೊಳ್ಳುವುದು ಅವರಿಗೆ ನೆರವಾದವು. ಅಂತರ ಹೆಚ್ಚಿದಾಗ ಲಿಖಿತ ದಾಖಲೆಯೂ ಹೆಚ್ಚು ಬೇಕಾಗುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಚುರುಕು ವಿಧಾನವೆಂದರೆ ಕಾಗದವನ್ನು ಎಸೆದುಬಿಡುವುದಲ್ಲ.

ಹಾಗಾದರೆ ಎರಡು ವಾರಕ್ಕೊಮ್ಮೆ ಏನಾದರೂ ಕೊಟ್ಟುಬಿಟ್ಟರೆ ಗುಣಮಟ್ಟ ತಾನಾಗಿ ಬಂದೀತೇ? ಖಂಡಿತ ಇಲ್ಲ. ಪರೀಕ್ಷೆಯನ್ನು ಬಿಟ್ಟು ಬರೀ ವೇಗವನ್ನು ಹಿಡಿದುಕೊಂಡ ತಂಡ ಮೊದಲ ಕೆಲವು ವಾರ ಓಡುತ್ತದೆ, ಆಮೇಲೆ ಮುಗ್ಗರಿಸುತ್ತದೆ. ಸ್ನೋಬರ್ಡ್‌ನ 17 ಮಂದಿಯಲ್ಲಿ ಇನ್ನೊಬ್ಬರಾದ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲೇ, ತಿದ್ದದೆ ಮುಂದಕ್ಕೆ ಹಾಕಿದ ಕೆಲಸವನ್ನು ಸಾಲಕ್ಕೆ ಹೋಲಿಸಿದ್ದರು. ತಂಬಾಕಿನ ಬೆಳೆಗೆಂದು ಕೈಸಾಲ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಗ ತೀರಿಸಿದರೆ ಸಾಲ ಉಪಕಾರಿ, ತೀರಿಸದಿದ್ದರೆ ಬಡ್ಡಿಯೇ ಬೆಳೆಯನ್ನು ತಿನ್ನುತ್ತದೆ.

ಪರೀಕ್ಷೆಗೆ ಬೆಲೆಯೂ ಉಂಟು, ಫಲವೂ ಉಂಟು. ಚುರುಕು ವಿಧಾನದ ಒಂದು ಪದ್ಧತಿಯಲ್ಲಿ ಪ್ರೋಗ್ರಾಂ ಬರೆಯುವ ಮೊದಲೇ ಅದರ ಪರೀಕ್ಷೆಯನ್ನು ಬರೆಯುತ್ತಾರೆ. ಐ.ಬಿ.ಎಂ.ನ ಒಂದು ಹಾಗೂ ಮೈಕ್ರೋಸಾಫ್ಟ್‌ನ ಮೂರು ತಂಡಗಳಲ್ಲಿ ಈ ಪದ್ಧತಿಯನ್ನು ಅಧ್ಯಯನ ಮಾಡಿದ ಸಂಶೋಧಕರು 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಪದ್ಧತಿ ಅನುಸರಿಸದ ಅಂಥದೇ ಕೆಲಸಗಳಿಗೆ ಹೋಲಿಸಿದಾಗ ದೋಷಗಳ ಪ್ರಮಾಣ ಶೇಕಡ 40ರಿಂದ 90ರಷ್ಟು ಇಳಿದಿತ್ತು. ಆದರೆ ಆರಂಭದಲ್ಲಿ ಹಿಡಿದ ಕಾಲ ಶೇಕಡ 15ರಿಂದ 35ರಷ್ಟು ಹೆಚ್ಚಾಗಿತ್ತು. ಹೆಚ್ಚು ಹಿಡಿದ ಆ ಕಾಲವೇ ಗುಣಮಟ್ಟಕ್ಕೆ ತೆತ್ತ ಬೆಲೆ. ಹೆಸರಿನಲ್ಲಿ ಚುರುಕು ಇದ್ದರೂ ಈ ಕಾಲವನ್ನು ಉಳಿಸಲು ಹೊರಟರೆ ವಿಧಾನದ ಹೆಸರಷ್ಟೇ ಉಳಿಯುತ್ತದೆ.

ನೀವು ಇದನ್ನು ಕಾಲೇಜಿನ ಪ್ರಾಜೆಕ್ಟ್‌ನಲ್ಲೇ ಪರೀಕ್ಷಿಸಿ ನೋಡಬಹುದು. ನಾಲ್ವರು ನಾಲ್ಕು ಭಾಗ ಹಂಚಿಕೊಂಡು ಕೊನೆಯ ವಾರ ಜೋಡಿಸುವುದು ರೂಢಿ. ಅದರ ಬದಲು ಮೊದಲ ವಾರದಿಂದಲೇ ಪ್ರತಿದಿನ ನಾಲ್ವರ ಭಾಗಗಳನ್ನೂ ಜೋಡಿಸಿ ನಡೆಸಿರಿ. 6 ಲೀಟರಿಗೆ 35.15ರ ದರದಲ್ಲಿ 210.90 ಬರಲೇಬೇಕು ಎಂಬಂಥ ಚಿಕ್ಕ ಪರೀಕ್ಷೆಗಳನ್ನು ಬರೆದಿಟ್ಟು, ಒಂದು ಸಾಲು ಬದಲಾದರೂ ಅವೆಲ್ಲವನ್ನೂ ಮತ್ತೆ ಓಡಿಸಿರಿ. ಎರಡು ವಾರಕ್ಕೊಮ್ಮೆ, ಅದನ್ನು ನಿಜವಾಗಿ ಬಳಸಬೇಕಾದ ಒಬ್ಬರ ಮುಂದಿಟ್ಟು ಅವರು ಎಲ್ಲಿ ತಡವರಿಸುತ್ತಾರೆಂದು ಗಮನಿಸಿರಿ. ಪ್ರತಿ ಸಲ ಸಿಕ್ಕ ತಪ್ಪುಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ, ತಪ್ಪುಗಳು ಮೊದಲ ವಾರಗಳಲ್ಲಿ ಸಿಕ್ಕವೋ ಕೊನೆಯ ವಾರದಲ್ಲಿ ಸಿಕ್ಕವೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.